ಎರೆ ಮತ್ತು ಗಾಳ: ಕನ್ನಡ ನಾಡಿನ ಕಡಲಮೀನು ಬೇಟೆಯ ಇತಿಹಾಸ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಹಳೆಯ ಹೆದ್ದಾರಿಯ ಮೇಲೆ, ಉಣಕಲ್ಲಿಗೆ ಹೊಂದಿಕೊಂಡಿರುವ ಬೈರಿದೇವರಕೊಪ್ಪದಲ್ಲಿ ‘ಎರೆ’ ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಹತ್ತಿ, ಜೋಳ, ಕಡಲೆ ಬೆಳೆಯುವ ಕಪ್ಪು ನೆಲ. ಅದೇ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಉಂಟು: ಮೀನನ್ನು ಸೆಳೆಯಲು ಗಾಳದ ಕೊಕ್ಕೆಗೆ ಚುಚ್ಚುವ ಮೇವೇ ಎರೆ. ಬಯಲುಸೀಮೆಯ ಈ ಊರಿಗೂ ಕಡಲ ಬೇಟೆಗೂ ನಂಟಿಲ್ಲವೆಂದು ಮೇಲುನೋಟಕ್ಕೆ ತೋರಬಹುದಾದರೂ, ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಮತ್ತು ಹುಬ್ಬಳ್ಳಿಯ ಕಡೆಯಿಂದ ಹರಿದುಬರುವ ಬೇಡ್ತಿಯ ಹಳ್ಳ ಕಲಘಟಗಿಯ ಬಳಿ ಒಂದಾಗಿ, ಯಲ್ಲಾಪುರದ ಕಾಡುಗಳನ್ನು ಹಾದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲೆ ಮತ್ತು ಗೋಕರ್ಣಗಳ ನಡುವೆ ಅರಬ್ಬೀ ಕಡಲನ್ನು ಸೇರುತ್ತವೆ. ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಂತಹ ಅಳಿವೆಗಳೇ ಬಲಶಾಲಿ ಮೀನುಗಳು ಎರೆಯನ್ನರಸಿ ಬರುವ ತಾಣಗಳು.

ಗಾಳಕ್ಕೆ ಸಿಕ್ಕ ಮೇಲೂ ಸೋಲೊಪ್ಪದೆ ಬಹುಹೊತ್ತು ಸೆಣಸುವ ಕಡಲಮೀನುಗಳನ್ನು ಹಿಡಿಯುವ ವಿದ್ಯೆಗೆ ಕನ್ನಡ ನಾಡಿನಲ್ಲಿ ಒಂಬತ್ತು ಶತಮಾನಗಳಷ್ಟು ಹಿಂದಕ್ಕೆ ಹೋಗುವ ಬರಹದ ಸಾಕ್ಷ್ಯವಿದೆ. ಆ ವಿದ್ಯೆ ಅರಮನೆಯಲ್ಲಿ ವಿನೋದವಾಗಿ, ಕರಾವಳಿಯ ಕೇರಿಗಳಲ್ಲಿ ಬದುಕಾಗಿ, ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ ಕ್ರೀಡೆಯಾಗಿ ಬೆಳೆದು ಬಂದಿತು. ಈ ಎಲ್ಲ ರೂಪಗಳಲ್ಲೂ ಅದರ ತಿರುಳು ಒಂದೇ ಆಗಿತ್ತು: ಗಾಳದ ಪ್ರತಿಯೊಂದು ಭಾಗವೂ ಮೀನಿನ ಯಾವುದಾದರೊಂದು ಅಂಗಕ್ಕೆ ಅಥವಾ ಅಭ್ಯಾಸಕ್ಕೆ ಮನುಷ್ಯ ಕಂಡುಕೊಂಡ ಉತ್ತರವಾಗಿರುತ್ತದೆ, ಮತ್ತು ಮೀನು ಏನನ್ನು, ಎಲ್ಲಿ, ಯಾವಾಗ ತಿನ್ನುತ್ತದೆ ಎಂಬುದನ್ನು ಅರಿಯದವನಿಗೆ ಎಷ್ಟೇ ಹರಿತವಾದ ಕೊಕ್ಕೆಯೂ ಉಪಯೋಗಕ್ಕೆ ಬಾರದು.

ಕಲ್ಯಾಣದ ಅರಸನ ಮತ್ಸ್ಯವಿನೋದ

ಬೈರಿದೇವರಕೊಪ್ಪಕ್ಕೆ ನೆರೆಯಾದ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಸೇರಿದ್ದು. ಆ ವಂಶದ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಎರಡನೆಯ ಕಾಲುಭಾಗದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳುತ್ತಿದ್ದಾಗ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಬೃಹತ್ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಇರುವ ಈ ಗ್ರಂಥದ ಐದು ಪ್ರಕರಣಗಳಲ್ಲಿ ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳಿದ್ದು, ರಾಜ್ಯಭಾರ, ಅಡುಗೆ, ಸಂಗೀತ, ಚಿತ್ರಕಲೆ, ಬೇಟೆ ಮೊದಲಾಗಿ ಅರಸನು ತಿಳಿದಿರಬೇಕಾದ ವಿಷಯಗಳೆಲ್ಲವೂ ಅಲ್ಲಿ ಬರುತ್ತವೆ. ವಿನೋದಗಳನ್ನು ಹೇಳುವ ನಾಲ್ಕನೆಯ ಪ್ರಕರಣದಲ್ಲಿ ‘ಮತ್ಸ್ಯವಿನೋದ’ವೂ ಒಂದು. ಭಾರತದ ಪ್ರಾಣಿಶಾಸ್ತ್ರಜ್ಞರಲ್ಲಿ ಪ್ರಮುಖರಾದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದಾಗಿ, ಗಾಳದ ಬೇಟೆಯನ್ನು ಒಂದು ಶಾಸ್ತ್ರವಾಗಿ ನಿರೂಪಿಸಿದ ಪ್ರಾಚೀನ ಭಾರತೀಯ ಬರಹವಾಗಿ ಅದು ಮೀನುವಿಜ್ಞಾನಿಗಳ ಗಮನಕ್ಕೆ ಬಂದಿತು.

ಸೋಮೇಶ್ವರನು ಮೀನುಗಳನ್ನು ಮೊದಲು ಅವುಗಳ ನೆಲೆಯಿಂದ ಕಡಲಿನವು ಮತ್ತು ಹೊಳೆಯವು ಎಂದೂ, ಅನಂತರ ಮೈಯ ಗುರುತಿನಿಂದ ಹುರುಪೆ ಇರುವವು ಮತ್ತು ಇಲ್ಲದವು ಎಂದೂ, ಗಾತ್ರದಿಂದ ದೊಡ್ಡವು, ನಡುವಿನವು, ಸಣ್ಣವು ಎಂದೂ ವಿಂಗಡಿಸುತ್ತಾನೆ. ಹೀಗೆ ಮೂವತ್ತಕ್ಕೂ ಹೆಚ್ಚು ಬಗೆಗಳನ್ನು ಹೆಸರಿಸಿದ ಮೇಲೆ ಅವನು ಬೇಟೆಯ ಉಪಕರಣಗಳ ವಿಚಾರಕ್ಕೆ ತೊಡಗುತ್ತಾನೆ. ಆದರೆ ಈ ಅಧ್ಯಾಯದ ಬಹುಮುಖ್ಯ ಅಂಶವಿರುವುದು ಕೋಲು, ದಾರ, ಕೊಕ್ಕೆಗಳ ವಿವರಣೆಯಲ್ಲಿ ಅಲ್ಲ. ಹಿಟ್ಟು, ಎಳ್ಳು, ಮಾಂಸ ಮೊದಲಾದವುಗಳಿಂದ ಉಂಡೆ ಕಟ್ಟಿ, ಯಾವ ಜಾತಿಯ ಮೀನಿಗೆ ಯಾವ ಉಂಡೆ ಒಗ್ಗುತ್ತದೆ ಎಂದು ನೋಡಿ, ಮೀನುಗಳಿಗೆ ಮೊದಲು ಉಣಿಸಿ ಅವುಗಳನ್ನು ಒಂದೆಡೆ ಕೂಡುವಂತೆ ಮಾಡಬೇಕೆಂಬ ಕ್ರಮವನ್ನು ಅವನು ವಿವರವಾಗಿ ಹೇಳುತ್ತಾನೆ. ಅವನ ಕ್ರಮದಲ್ಲಿ ಉಣಿಸುವುದು ಮೊದಲು, ಹಿಡಿಯುವುದು ಅನಂತರ.

ಒಳನಾಡಿನ ರಾಜಧಾನಿಯಲ್ಲಿದ್ದ ಅರಸನೊಬ್ಬನು ಕಡಲಮೀನುಗಳನ್ನೂ ಪಟ್ಟಿಮಾಡಿದುದು ಆಶ್ಚರ್ಯವೆನಿಸಿದರೂ ಅಸಹಜವಲ್ಲ. ಚಾಲುಕ್ಯರ ಮಾಂಡಲಿಕರಾಗಿ ಹಲಸಿಗೆ ನಾಡನ್ನೂ ಕೊಂಕಣದ ಬಂದರುಗಳನ್ನೂ ಆಳುತ್ತಿದ್ದ ಗೋವೆಯ ಕದಂಬರು ನೌಕಾಬಲಕ್ಕೆ ಹೆಸರಾಗಿದ್ದರು. ಅವರಲ್ಲಿ ಇಮ್ಮಡಿ ಜಯಕೇಶಿಯು ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ಮದುವೆಯಾಗಿದ್ದುದರಿಂದ ಸೋಮೇಶ್ವರನಿಗೆ ಹತ್ತಿರದ ನೆಂಟನೇ ಆಗಿದ್ದನು. ಧಾರವಾಡಕ್ಕೆ ಸಮೀಪದ ನರೇಂದ್ರ ಗ್ರಾಮದಲ್ಲಿರುವ, 1125ರ ಸುಮಾರಿಗೆ ಸೇರಿದ ಶಾಸನವು ಈ ಕದಂಬರ ಹಡಗುಗಳ ಸಾಲನ್ನು ಕಡಲಿಗೆ ಕಟ್ಟಿದ ಸೇತುವೆಯೆಂಬಂತೆ ಹೊಗಳುತ್ತದೆ. ಹುಬ್ಬಳ್ಳಿ–ಧಾರವಾಡದ ಸೀಮೆ ಹೀಗೆ ಕಲ್ಯಾಣದ ಆಸ್ಥಾನಕ್ಕೂ ಕೊಂಕಣದ ತೀರಕ್ಕೂ ನಡುವಿನ ದಾರಿಯಲ್ಲಿತ್ತು.

ಮೀನಿನ ಮೈಗೆ ತಕ್ಕ ಗಾಳ

ಅರಸನ ಗ್ರಂಥ ಓಲೆಗರಿಗಳಲ್ಲಿ ಉಳಿದರೆ, ಅದೇ ಬಗೆಯ ಅರಿವು ಕರಾವಳಿಯಲ್ಲಿ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ ಮೊದಲಾದ ಸಮುದಾಯಗಳ ಕೈಕಸಬಿನಲ್ಲಿ ಉಳಿಯಿತು. ‘ಗಾಳ’ ಎಂಬ ಮಾತು ಕೆಲವೊಮ್ಮೆ ಕೊಕ್ಕೆಯೊಂದಕ್ಕೇ ಸಲ್ಲುವುದಾದರೂ, ವಾಸ್ತವದಲ್ಲಿ ಅದು ಹಲವು ಭಾಗಗಳ ಕಟ್ಟು. ಮೀನನ್ನು ಹಿಡಿದಿಡುವ ಕೊಕ್ಕೆ, ಅದರ ಮೊನೆಯ ಒಳಬದಿಯಲ್ಲಿ ಹಿಮ್ಮುಖವಾಗಿ ಚಾಚಿ ಮೀನು ಕಳಚಿಕೊಳ್ಳದಂತೆ ತಡೆಯುವ ಹಿಮ್ಮುಳ್ಳು, ಕೊಕ್ಕೆಗೆ ತಾಗಿಕೊಂಡಿರುವ ಗಟ್ಟಿಯಾದ ತುದಿದಾರ, ಎರೆಯನ್ನು ಬೇಕಾದ ಆಳಕ್ಕೆ ಇಳಿಸುವ ಸೀಸ ಅಥವಾ ಕಲ್ಲಿನ ಭಾರ, ಎರೆಯನ್ನು ತೇಲಿಸಿ ಮೀನು ಕಚ್ಚಿದುದನ್ನು ತೋರಿಸುವ ಬೆಂಡು, ಇವೆಲ್ಲವನ್ನೂ ಮನುಷ್ಯನ ಕೈಗೆ ಜೋಡಿಸುವ ಉದ್ದನೆಯ ದಾರ, ಇವು ಅದರ ಅಂಗಗಳು. ಹತ್ತಿಯ ನೂಲನ್ನೋ ನಾರನ್ನೋ ಹೊಸೆದು ದಾರ ಮಾಡುತ್ತಿದ್ದ ಕಾಲದಲ್ಲಿ ಉಪ್ಪುನೀರಿನಲ್ಲಿ ಅದು ಬೇಗ ಕೊಳೆಯದಂತೆ ಮರದ ತೊಗಟೆಯ ಒಗರು ಕಷಾಯದಲ್ಲಿ ಅದ್ದಿ ಒಣಗಿಸುವುದು ವಾಡಿಕೆಯಾಗಿತ್ತು.

ಈ ಭಾಗಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ನಿರ್ಧರಿಸುವುದು ಮೀನು. ದಕ್ಷಿಣ ಕನ್ನಡದಲ್ಲಿ ಅಂಜಲ್ ಎಂದೂ ಕಾರವಾರದ ಕಡೆ ಇಸ್ವಣ ಎಂದೂ ಮಾರುಕಟ್ಟೆಯಲ್ಲಿ ಸುರಮಾಯಿ ಎಂದೂ ಕರೆಸಿಕೊಳ್ಳುವ ಮೀನು ಬಂಗುಡೆ, ಬೂತಾಯಿಗಳ ಹಿಂಡನ್ನು ಬೆನ್ನಟ್ಟಿ ತಿನ್ನುವ ವೇಗಗಾರ. ಅದರ ಹಲ್ಲುಗಳು ಕತ್ತರಿಯಂತೆ ಒಂದನ್ನೊಂದು ಮುಟ್ಟುವುದರಿಂದ ನೂಲಿನ ತುದಿದಾರವನ್ನು ಒಂದೇ ಕಡಿತಕ್ಕೆ ತುಂಡರಿಸುತ್ತದೆ. ಆದ್ದರಿಂದ ಅಂಜಲ್ ಗಾಳದಲ್ಲಿ ಕೊಕ್ಕೆಗೂ ದಾರಕ್ಕೂ ನಡುವೆ ಒಂದು ಗೇಣೋ ಮೊಳವೋ ಲೋಹದ ತಂತಿ ಇರುತ್ತದೆ. ಓಡುವ ಎರೆಯನ್ನು ಮಾತ್ರ ಅದು ಮೆಚ್ಚುವುದರಿಂದ, ಸಾಗುತ್ತಿರುವ ದೋಣಿಯ ಹಿಂದೆ ದಾರವನ್ನು ಎಳೆದುಕೊಂಡು ಹೋಗುವ ಕ್ರಮ ಬಂದಿತು. ಮೀನಿನ ಹೊಟ್ಟೆಯ ಬಿಳಿಪಟ್ಟಿ, ಹೊಳೆಯುವ ತಗಡು, ಬಿಳಿಯ ಗರಿ ಇವುಗಳಲ್ಲಿ ಯಾವುದೇ ಆದರೂ ನೀರಿನಲ್ಲಿ ನಡುಗುತ್ತ ಮಿನುಗಿದಾಗ, ಹಿಂಡಿನಿಂದ ಹಿಂದುಳಿದ ಗಾಯಗೊಂಡ ಬೂತಾಯಿಯಂತೆ ತೋರುತ್ತದೆ. ಎರೆಯ ರುಚಿಗಿಂತ ಅದರ ಓಟವೇ ಇಲ್ಲಿ ಮುಖ್ಯ.

ಅಳಿವೆಯ ಚೊಣಕ, ಅಂದರೆ ಪೇಟೆಯಲ್ಲಿ ಸೀಬಾಸ್ ಎಂದು ಮಾರಾಟವಾಗುವ ಮೀನು, ಬೇರೆ ಬಗೆಯದು. ಅದರ ಬಾಯಲ್ಲಿ ಕತ್ತರಿಸುವ ಹಲ್ಲುಗಳಿಲ್ಲ. ಆದರೆ ಕಿವಿರಿನ ಮುಚ್ಚಳದ ಅಂಚು ಕತ್ತಿಯಷ್ಟು ಹರಿತವಾಗಿದ್ದು, ನೀರಿನಿಂದ ಮೇಲಕ್ಕೆ ಜಿಗಿದು ತಲೆ ಕೊಡವುವಾಗ ದಾರ ಅದಕ್ಕೆ ಉಜ್ಜಿ ಹರಿಯುತ್ತದೆ. ಹೀಗಾಗಿ ತಂತಿಗಿಂತ ದಪ್ಪನಾದ, ಉಜ್ಜಿದರೂ ಸವೆಯದ ತುದಿದಾರ ಅದಕ್ಕೆ ತಕ್ಕುದು. ಕಲ್ಲಿನ ಮರೆಯಲ್ಲಿ ಅಥವಾ ಕಾಂಡ್ಲದ ಬೇರುಗಳ ನಡುವೆ ಹೊಂಚುಹಾಕಿ ಕೂತು, ಬಾಯನ್ನು ಒಮ್ಮೆಲೇ ತೆರೆದು ನೀರಿನೊಡನೆ ಎರೆಯನ್ನೂ ಒಳಗೆಳೆದುಕೊಳ್ಳುವುದು ಅದರ ರೀತಿಯಾದುದರಿಂದ, ಜೀವಂತ ಸಿಗಡಿಯನ್ನೋ ಸಣ್ಣ ಮೀನನ್ನೋ ಸಾಯದ ಹಾಗೆ ಬೆನ್ನಿನಲ್ಲಿ ಮೆಲ್ಲಗೆ ಚುಚ್ಚಿ, ಉಬ್ಬರ ಇಳಿತಗಳ ನೀರು ತಿರುಗುವ ಹೊತ್ತಿನಲ್ಲಿ ತೇಲಬಿಡುವುದು ಅಳಿವೆಯ ಬೇಟೆಯ ಮರ್ಮ.

ಬಂಡೆಗಳ ಸಂದಿನಲ್ಲಿ ವಾಸಿಸುವ ಮುರು ಮೀನು, ಕೊಂಕಣಿಯ ಗೊಬ್ರೊ, ಕಚ್ಚಿದೊಡನೆ ತನ್ನ ಗುಹೆಗೆ ನುಗ್ಗಿ ಕಿವಿರುಗಳನ್ನು ಅಗಲಿಸಿ ಅಲ್ಲಿಯೇ ಬಿಗಿಯಾಗಿ ಕೂರುತ್ತದೆ. ಅದಕ್ಕೆ ದಾರ ಬಿಟ್ಟು ಆಡಿಸುವ ಮಾತೇ ಇಲ್ಲ. ಮೊದಲ ಕೆಲವು ಕ್ಷಣಗಳಲ್ಲಿಯೇ ಎಳೆದು ಬಂಡೆಯಿಂದ ಮೇಲಕ್ಕೆತ್ತಬೇಕು. ಬೊಂಡಾಸಿನ ತುಂಡು ಗಟ್ಟಿಯಾಗಿದ್ದು ಸಣ್ಣ ಮೀನುಗಳು ಕುಕ್ಕಿದರೂ ಕೊಕ್ಕೆಯಿಂದ ಉದುರದ ಕಾರಣ ಇಂತಹ ಆಳದ ಗಾಳಕ್ಕೆ ಒಳ್ಳೆಯ ಎರೆಯೆನಿಸಿತು. ಕರಾವಳಿಯಲ್ಲಿ ಕೇದರವೆಂದು ಕರೆಯುವ ಟ್ಯೂನ ಜಾತಿಯ ಮೀನಿನ ಸ್ಥಿತಿ ಇದಕ್ಕೆ ತೀರ ವಿರುದ್ಧ. ಬಾಯ್ದೆರೆದು ಸದಾ ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಅದರ ಕಿವಿರುಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗುತ್ತದೆ. ದಣಿವರಿಯದೆ ಓಡಲು ನೆರವಾಗುವ ಕೆಂಪು ಸ್ನಾಯುಗಳ ಬಿಸಿಯನ್ನು ಅದರ ಮೈ ಕಾಪಿಟ್ಟುಕೊಳ್ಳುತ್ತದೆ. ಇಂತಹ ಮೀನನ್ನು ಬಲದಿಂದ ತಡೆದರೆ ದಾರ ಹರಿಯುತ್ತದೆ, ಓಡಗೊಟ್ಟು ದಣಿಸಿದರೆ ಕೈಸೇರುತ್ತದೆ.

ಅಮಿನ್‌ದಿವಿಯ ದ್ವೀಪಗಳು ಮತ್ತು ಜೀವಂತ ಎರೆ

ಟ್ಯೂನ ಬೇಟೆಯ ಅತ್ಯಂತ ಪರಿಣತ ಪದ್ಧತಿ ಬೆಳೆದದ್ದು ಕರಾವಳಿಯಿಂದ ಪಶ್ಚಿಮಕ್ಕಿರುವ ದ್ವೀಪಗಳಲ್ಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ಗುಂಪಿನ ದ್ವೀಪಗಳು 1799ರಲ್ಲಿ ಟಿಪ್ಪುವಿನ ಪತನದ ಅನಂತರ ಬ್ರಿಟಿಷರ ವಶವಾಗಿ, ಮಂಗಳೂರಿನಿಂದ ನಡೆಯುತ್ತಿದ್ದ ಆಡಳಿತಕ್ಕೆ ಒಳಪಟ್ಟು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ 1956ರ ನವೆಂಬರ್ 1ರವರೆಗೂ ಉಳಿದಿದ್ದವು. ದ್ವೀಪದವರು ತೆಂಗಿನ ನಾರನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು.

ಈ ದ್ವೀಪಗಳಿಗೆ ದಕ್ಷಿಣದಲ್ಲಿರುವ ಮಿನಿಕಾಯ್ ಮತ್ತು ಅದರಾಚೆಯ ಮಾಲ್ದೀವುಗಳಲ್ಲಿ ಕೋಲುಗಾಳದ ಟ್ಯೂನ ಬೇಟೆ ಶತಮಾನಗಳಿಂದ ನಡೆದುಬಂದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಮಾಲ್ದೀವಿಗೆ ಹೋದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಹೊರನಾಡುಗಳಿಗೆ ಕಳುಹಿಸುತ್ತಿದ್ದ ಮೀನನ್ನು ಕುರಿತು ಬರೆದಿದ್ದಾನೆ. ಅದೇ ಇಂದು ‘ಮಾಸ್’ ಎಂದು ಹೆಸರಾದ ಒಣಟ್ಯೂನ. ಈ ಪದ್ಧತಿಯಲ್ಲಿ ಮೊದಲ ಕೆಲಸ ದೊಡ್ಡ ಮೀನನ್ನು ಹಿಡಿಯುವುದಲ್ಲ, ಎರೆಯನ್ನು ಹಿಡಿಯುವುದು. ದ್ವೀಪವನ್ನು ಸುತ್ತಿದ ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲಿ ಸಣ್ಣ ಮೀನುಗಳನ್ನು ಬಲೆಯಿಂದ ಹಿಡಿದು, ಕಡಲ ನೀರು ಹರಿದಾಡುವಂತೆ ತೂತುಗಳಿರುವ ದೋಣಿಯ ಗೂಡಿನಲ್ಲಿ ಅವುಗಳನ್ನು ಜೀವಂತವಾಗಿ ಕಾಪಾಡಬೇಕು. ಹೊರಗಡಲಿನಲ್ಲಿ ಟ್ಯೂನದ ಹಿಂಡು ಕಂಡಾಗ ಅವನ್ನು ಚೆಲ್ಲಿ, ಅದೇ ಹೊತ್ತಿಗೆ ನೀರನ್ನು ಚಿಮ್ಮಿಸಿ ಸಣ್ಣ ಮೀನುಗಳು ಮೇಲ್ಮೈಯಲ್ಲಿ ಕುಣಿಯುತ್ತಿರುವಂತೆ ತೋರಿಸಿದಾಗ, ಹಿಂಡು ಮೈಮರೆತು ತಿನ್ನಲು ತೊಡಗುತ್ತದೆ. ಆಗ ಬಿದಿರ ಕೋಲಿನ ತುದಿಯ ಹೊಳೆಯುವ ಬರಿ ಕೊಕ್ಕೆಯನ್ನೇ ಅವು ಕಚ್ಚುತ್ತವೆ. ಈ ಕೊಕ್ಕೆಗೆ ಹಿಮ್ಮುಳ್ಳಿಲ್ಲದಿರುವುದು ಕೊರತೆಯಲ್ಲ, ಜಾಣತನ: ಬೀಸಿ ಎಳೆದ ಮೀನು ದೋಣಿಯೊಳಗೆ ಬೀಳುವಾಗ ತಾನಾಗಿಯೇ ಕಳಚಿಕೊಂಡು, ಕೋಲು ಮರುಕ್ಷಣವೇ ಮತ್ತೆ ನೀರಿಗೆ ಸಿದ್ಧವಾಗುತ್ತದೆ. ಉಣಿಸುವುದು ಮೊದಲು ಎಂಬ ಮಾನಸೋಲ್ಲಾಸದ ಕ್ರಮ ಇಲ್ಲಿ ಗ್ರಂಥದ ನೆರವಿಲ್ಲದೆಯೇ ಕಡಲಿನ ದೈನಂದಿನ ಕಾಯಕವಾಗಿದೆ.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವಿದ್ಯೆಗೆ ಮೂರನೆಯ ರೂಪವೊಂದು ಸೇರಿತು. ಮದ್ರಾಸ್ ಸಿವಿಲ್ ಸೇವೆಗೆ ಸೇರಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 1870ರಲ್ಲಿ ಆ ಜಿಲ್ಲೆಯ ಮೀನುಸಾಕಣೆಯ ವಿಷಯವಾಗಿ ವರದಿಯೊಂದನ್ನು ಬರೆದು, 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಮಂಗಳೂರಿನಲ್ಲಿಯೇ ಅಚ್ಚುಹಾಕಿಸಿದರು. ಅನಂತರ 1881 ಮತ್ತು 1897ರಲ್ಲಿ ಮರುಮುದ್ರಣಗೊಂಡ ಈ ಪುಸ್ತಕ, ಭಾರತದಲ್ಲಿ ರಾಟೆ ಜೋಡಿಸಿದ ಕೋಲಿನಿಂದ ಮೀನು ಹಿಡಿಯುವ ಕ್ರೀಡೆಗೆ ಬಹುಕಾಲ ಕೈಪಿಡಿಯಾಗಿ ನಿಂತಿತು. ಇಂಗ್ಲೆಂಡಿನ ಸಾಮನ್ ಮೀನಿಗಿಂತಲೂ ಘಟ್ಟದ ಹೊಳೆಗಳ ಮಹಸೀರ್ ಹೆಚ್ಚು ಸೆಣಸುತ್ತದೆಂದು ಥಾಮಸ್ ಸಾರಿದುದರಿಂದ ಆ ಕ್ರೀಡೆಯ ಗಮನವೆಲ್ಲ ಸಿಹಿನೀರಿನ ಕಡೆಗೆ ತಿರುಗಿತು.

ಕೋಲಿನ ಬೇಟೆಗೂ ಕೈದಾರದ ಬೇಟೆಗೂ ಇರುವ ಅಂತರ ಉಪಕರಣದ್ದಷ್ಟೇ ಅಲ್ಲ. ಕೈದಾರದಲ್ಲಿ ಮೀನಿನ ಎಳೆತವೆಲ್ಲ ಬೆರಳುಗಳ ಮೇಲೆ ಬೀಳುವುದರಿಂದ ದಾರ ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಎಂಬುದನ್ನು ಅಂಗೈಯೇ ತಿಳಿಸುತ್ತದೆ. ಕೋಲು ಬಾಗಿ ಎಳೆತದ ಒಂದು ಪಾಲನ್ನು ತಾನೇ ನುಂಗುತ್ತದೆ, ರಾಟೆ ಅಳತೆಗೆ ತಕ್ಕಂತೆ ದಾರ ಬಿಡುತ್ತದೆ, ದಾರ ತಿರುಚಿಕೊಳ್ಳದಂತೆ ನಡುವೆ ಸಿಕ್ಕಿಸುವ ಸಣ್ಣ ಲೋಹದ ತಿರುಗುಣಿ ಎರೆಯನ್ನು ಸರಾಗವಾಗಿ ಸುತ್ತಗೊಡುತ್ತದೆ. ಹೀಗಾಗಿ ತೆಳುವಾದ ದಾರದಿಂದ ಭಾರಿ ಮೀನನ್ನು ದಣಿಸಲು ಸಾಧ್ಯವಾಗುತ್ತದೆ. ಕ್ರೀಡೆಯವನಿಗೆ ಆ ಸೆಣಸಾಟವೇ ಗುರಿ. ಮೀನುಗಾರನಿಗೆ ಅದು ಗುರಿಯ ದಾರಿಯಲ್ಲಿನ ಅಡ್ಡಿ.

ಆದರೂ ಎರೆಯ ವಿಷಯದಲ್ಲಿ ಕ್ರೀಡೆಯವನು ಸ್ಥಳೀಯನ ಶಿಷ್ಯನಾಗಲೇಬೇಕಾಯಿತು. ಇದಕ್ಕೆ ಕಾವೇರಿಯೇ ಸಾಕ್ಷಿ. ಅಲ್ಲಿ ಮಹಸೀರ್ ಮೀನನ್ನು ಸೆಳೆಯಲು ವಿದೇಶದ ಲೋಹದ ಚಮಚಗಳ ಜೊತೆಗೆ, ಅವುಗಳಿಗಿಂತ ಹೆಚ್ಚು ಹೆಸರಾದದ್ದು ಗಟ್ಟಿಯಾಗಿ ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆ. ದಂಡೆಯ ಜನ ತಾವು ಉಣ್ಣುವ ಮುದ್ದೆಯ ಧಾನ್ಯವನ್ನೇ ಕೊಕ್ಕೆಗೆ ಹಚ್ಚಿ ಹರಿಗೋಲಿನಲ್ಲಿ ಕೂತು ಇಳಿಬಿಡುತ್ತಿದ್ದರು. 1946ರಲ್ಲಿ ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಮನೆತನದ ಜೆ. ಡಿ ವೆಟ್ ವ್ಯಾನ್ ಇಂಗನ್ ಅವರು ಮೈಸೂರು ಸೀಮೆಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಲೋಕದಾಖಲೆಯಾಗಿ ಉಳಿಯಿತು.

ನೈಲಾನ್, ಯಂತ್ರ ಮತ್ತು ಬಲೆ

ಇಪ್ಪತ್ತನೆಯ ಶತಮಾನದಲ್ಲಿ ಗಾಳದ ಸಾಮಗ್ರಿ ಬೇರೆಯಾಯಿತು. ಊರ ಕಮ್ಮಾರನು ಬಡಿದು ಮಾಡುತ್ತಿದ್ದ ಕೊಕ್ಕೆಯ ಜಾಗಕ್ಕೆ ಯಂತ್ರದಿಂದ ತಯಾರಾದ ಕೊಕ್ಕೆ ಬಂದಿತು. ನಾರ್ವೆಯ ಮುಸ್ತಾದ್ ಕಂಪನಿಯ ಕೊಕ್ಕೆಗಳು ಭಾರತದ ಬಂದರುಗಳಲ್ಲಿ ಮನೆಮಾತಾದವು. 1930ರ ದಶಕದಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ನೈಲಾನ್ ಸ್ವಾತಂತ್ರ್ಯಾನಂತರ ಕರಾವಳಿಯನ್ನು ತಲುಪಿದಾಗ, ಕೊಳೆಯದ, ನೀರಿನಲ್ಲಿ ಕಾಣದ, ಎಳೆದರೆ ತುಸು ಹಿಗ್ಗುವ ಒಂಟಿ ಎಳೆಯ ದಾರ ಮೀನುಗಾರನ ಕೈಸೇರಿ, ತೊಗಟೆಯ ಕಷಾಯದ ಕೆಲಸ ಮರೆಯಾಯಿತು. ಆದರೆ ಅದೇ ನೈಲಾನ್ ಬಲೆಗೂ ಬಂದಿತು, ದೋಣಿಗೆ ಯಂತ್ರವೂ ಬಂದಿತು.

ದಡದಿಂದ ನೂರಾರು ಕೈಗಳು ಕೂಡಿ ಎಳೆಯುತ್ತಿದ್ದ ರಾಂಪಣಿ ಬಲೆಯನ್ನು 1970ರ ದಶಕದ ನಡುವಿನಿಂದ ಪರ್ಸೀನ್ ಬಲೆ ಬದಿಗೊತ್ತಿತು. ಹಿಂಡನ್ನು ಸುತ್ತುವರಿದು ತಳವನ್ನು ಚೀಲದ ಬಾಯಂತೆ ಬಿಗಿಯುವ ಈ ಬಲೆ ಕಡಲ ನಡುವೆಯೇ ಬಂಗುಡೆ, ಬೂತಾಯಿಗಳ ಇಡೀ ಹಿಂಡನ್ನು ಎತ್ತಬಲ್ಲದು. ಮನುಷ್ಯನಿಗೆ ಸಾರಿನ ಮೀನಾದ ಬೂತಾಯಿಯೇ ಅಂಜಲ್‌ಗೂ ಕೇದರಕ್ಕೂ ಅನ್ನ ಎಂಬುದನ್ನು ಗಾಳದವನು ಬಲ್ಲ, ಏಕೆಂದರೆ ಅವನ ಕೊಕ್ಕೆಯ ಎರೆಯೂ ಅದೇ. ಅನಂತರದ ದಶಕಗಳಲ್ಲಿ ಬೂತಾಯಿಯ ದೊಡ್ಡ ಪಾಲು ಮೀನುಹಿಟ್ಟು ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗೆ ಸಾಗತೊಡಗಿದಾಗ, ಕಡಲು ತನ್ನ ಬಲಶಾಲಿ ಮೀನುಗಳಿಗೆ ತಾನೇ ಬಡಿಸುತ್ತಿದ್ದ ಎಲೆಯಿಂದ ತುತ್ತು ಕಸಿದಂತಾಯಿತು. ಗಾಳದಲ್ಲಿ ಒಂದೊಂದಾಗಿ ಸಿಕ್ಕ ಅಂಜಲ್ ಬಲೆಯಲ್ಲಿ ನುಗ್ಗಾಗದೆ ಬರುವುದರಿಂದ ಪೇಟೆಯಲ್ಲಿ ಅದಕ್ಕೆ ಮೆಚ್ಚುಗೆ ಇನ್ನೂ ಇದ್ದರೂ, ಗಾಳವನ್ನೇ ನಂಬಿದವರ ಸಂಖ್ಯೆ ಇಳಿಯುತ್ತ ಬಂದಿದೆ.

ಹಿಡಿಯುವ ಕೈಗೆ ಕಟ್ಟುಪಾಡುಗಳೂ ಬಂದಿವೆ. ನೀರಿಗೆ ವಿಷ ಬೆರೆಸುವುದನ್ನೂ ಸಿಡಿಮದ್ದು ಎಸೆಯುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ನಿಷೇಧಿಸಿತು. ಕರ್ನಾಟಕದ ಕಡಲಮೀನುಗಾರಿಕೆಯ ನಿಯಂತ್ರಣ ಕಾಯಿದೆ 1986ರದ್ದು. ಮಳೆಗಾಲದಲ್ಲಿ ಮೀನುಗಳು ಮರಿಮಾಡುವ ಸಮಯಕ್ಕೆ ಬಿಡುವು ಕೊಡಲು ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಗಾಳ ಹಾಕುವವರಲ್ಲಿ ಮೊನೆ ಒಳಕ್ಕೆ ಬಾಗಿದ ದುಂಡುಕೊಕ್ಕೆಯ ಬಳಕೆ ಹಬ್ಬುತ್ತಿದೆ. ಅದು ಹೊಟ್ಟೆಯೊಳಗೆ ನಾಟದೆ ಬಾಯಿಯ ಅಂಚಿಗೆ ಮಾತ್ರ ಸಿಕ್ಕುವುದರಿಂದ ಬೇಡದ ಮೀನನ್ನು ಬದುಕಿರುವಾಗಲೇ ಬಿಡಬಹುದು. ಕಾವೇರಿಯ ಡುಬ್ಬದ ಮಹಸೀರ್‌ಗೆ ಮಾತ್ರ ಎಚ್ಚರ ತಡವಾಗಿ ಬಂದಿತು. ಒಂದೂವರೆ ಶತಮಾನ ಕಾಲ ಬೇಟೆಗಾರರಿಗೆ ಪರಿಚಿತವಾಗಿದ್ದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಒಂದು ಮೀನು ಎಷ್ಟು ಸೆಣಸುತ್ತದೆಂಬುದನ್ನು ಅಳೆಯುವುದಕ್ಕೂ ಅದು ಹೇಗೆ ಬದುಕುತ್ತದೆಂಬುದನ್ನು ಅರಿಯುವುದಕ್ಕೂ ಇರುವ ದೂರ ಇದರಿಂದ ಸ್ಪಷ್ಟವಾಗುತ್ತದೆ.

ಕಡಲಿನ ಸೆಣಸುಮೀನುಗಳ ವಿಷಯದಲ್ಲಿ ಆ ದೂರ ಇನ್ನೂ ದಾಟಬಹುದಾದಷ್ಟಿದೆ. ಚೊಣಕ ಮೀನು ಉಪ್ಪುನೀರಿನ ಅಳಿವೆಯ ಬಾಯಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿಗಳು ಹಿನ್ನೀರಿಗೂ ಹೊಳೆಯ ಸಿಹಿನೀರಿಗೂ ಏರಿ ಬಂದು, ಸಿಗಡಿ ಮತ್ತು ಸಣ್ಣ ಮೀನುಗಳನ್ನು ತಿಂದು ಬೆಳೆಯುತ್ತವೆ, ಬಲಿತ ಮೇಲೆ ಕಡಲಿನ ಕಡೆಗೆ ಮರಳುತ್ತವೆ. ಆದ್ದರಿಂದ ಗಂಗಾವಳಿಯ ಅಳಿವೆಯಲ್ಲಿ ನಾಳೆ ಗಾಳ ಹಾಕುವವನ ಎರೆಗೆ ಮೀನು ಬರುವುದೋ ಇಲ್ಲವೋ ಎಂಬುದು ಕಡಲಂಚಿನಲ್ಲಿ ಮಾತ್ರ ನಿರ್ಧಾರವಾಗುವ ಸಂಗತಿಯಲ್ಲ. ಹುಬ್ಬಳ್ಳಿ ಮತ್ತು ಧಾರವಾಡಗಳ ಕಡೆಯಿಂದ ಶಾಲ್ಮಲೆಯೂ ಬೇಡ್ತಿಯೂ ಎಂತಹ ನೀರನ್ನು ಹೊತ್ತು ಘಟ್ಟ ಇಳಿಯುತ್ತವೆ ಎಂಬುದರ ಮೇಲೂ ಅದು ನಿಂತಿದೆ. ಮೀನಿಗೆ ಮೊದಲು ಉಣಿಸಿ ಅನಂತರ ಗಾಳ ಎತ್ತಬೇಕೆಂದು ಕಲ್ಯಾಣದ ಅರಸನು ವಿಧಿಸಿದ ಕ್ರಮ ಬೇಟೆಯ ಜಾಣ್ಮೆಗಾಗಿ ಹೇಳಿದ್ದಿರಬಹುದು. ಇಂದು ಆ ಉಣಿಸುವ ಕೆಲಸದಲ್ಲಿ ಎರೆನೆಲದ ಊರುಗಳಿಗೂ ಪಾಲಿದೆ.